ಅಧಿಕ ಮಾಸದ ಸರದಿ

ಅಜ್ಜಂಪುರ
23-3-2023

ಓಂಕಾರೇಶನಿಗೆ ಅಕ್ಕನ ಆಶೀರ್ವಾದ.

ನಾವೆಲ್ಲ ಕ್ಷೇಮ ಎಂದು ಮೊದಲ ಸಾಲಿನಲ್ಲೇ ಬರೆದುಬಿಟ್ಟರೆ ಮುಂದೆ ಬರೆಯುವುದೆಲ್ಲ ಸುಳ್ಳಾಗುತ್ತದೆ. ಅದಕ್ಕೇ ನೇರ ವಿಷಯಕ್ಕೆ ಬರುತ್ತೇನೆ.

ಫೋನ್ ಮಾಡಬಹುದಿತ್ತಲ್ಲ ಎಂದು ನಿನ್ನ ಹೆಂಡತಿ ಕೋಮಲಾ ಕೇಳಬಹುದು. ನಾವಿಬ್ಬರೂ ಫೋನಿನಲ್ಲಿ ಮಾತಾಡಿದರೆ ಮೂರನೇ ಮಾತಿಗೆ ಪಂಚನಹಳ್ಳಿಯ ಹೊಲದ ಬದುವಿನ ಮೇಲೆ ಹೋಗಿ ನಿಲ್ಲುತ್ತೇವೆ. ಪಾಲಾಗಿ ವರ್ಷಗಳಾದರೂ ಆ ಬದು ನಮ್ಮ ನಾಲಿಗೆಯಿಂದ ಇಳಿದಿಲ್ಲ. ಕಾಗದವಾದರೆ ಬೈಗುಳ ಬರೆದು ಮುಗಿಸುವಷ್ಟರಲ್ಲಿ ಕೋಪ ಅರ್ಧ ಆರಿರುತ್ತದೆ. ಅಲ್ಲದೆ ನಮ್ಮ ಹಿಟ್ಟಿನ ಗಿರಣಿಯ ಸದ್ದಿನಲ್ಲಿ ಫೋನು ಕೇಳಿಸುವುದೂ ಇಲ್ಲ.

ಅವ್ವನ ಶಿವಗಣಾರಾಧನೆಯ ದಿನ ಬೆನಕಪ್ಪ ಮಾವ ಮಾಡಿದ ತೀರ್ಮಾನ ನೆನಪಿರಲಿ. ಅವ್ವ ಇರುವವರೆಗೆ ಗುರುಮೂರ್ತಿಯ ಚಿಂತೆ ನಮಗಿಬ್ಬರಿಗೂ ಇರಲಿಲ್ಲ. ಮದುವೆಯಿಲ್ಲದ ಕೊನೆಯ ತಮ್ಮ, ಆರು ವರ್ಷದಿಂದ ತಲೆಯೊಳಗೆ ಯಾರೋ ಮಾತಾಡುತ್ತಾರೆ ಎನ್ನುವವನು, ಇನ್ನು ಮುಂದೆ ಯಾರ ಮನೆಯಲ್ಲಿರಬೇಕು ಎಂಬ ಮಾತು ಬಂದಾಗ ನೀನೂ ನಾನೂ ಎಲೆಯ ಮೇಲಿನ ಪಾಯಸ ನೋಡುತ್ತ ಕೂತೆವು. ಮಾವನೇ ಹೇಳಿದ: "ಎಲ್ಡು ತಿಂಗ್ಳು ಅಕ್ಕನ ಮನೇಲಿ, ಎಲ್ಡು ತಿಂಗ್ಳು ಅಣ್ಣನ ಮನೇಲಿ. ಅಮಾಸೆ ಕಳೆದ ಮಾರನೆ ದಿನ ಕಳಿಸ್ಬೇಕು. ಇಷ್ಟೇ ಕಣ್ರಪ್ಪಾ, ಇದರ ಮೇಲೆ ಮಾತಿಲ್ಲ." ಆ ಪ್ರಕಾರ ಯುಗಾದಿಯಿಂದ ಚೈತ್ರ, ವೈಶಾಖ ನನ್ನವು. ಜ್ಯೇಷ್ಠ, ಆಷಾಢ ನಿನ್ನವು. ಶ್ರಾವಣಕ್ಕೆ ಮತ್ತೆ ನನ್ನ ಸರದಿ.

ಈಗ ಔಷಧಿಯ ಮಾತು. ಕೋಮಲಾಗೂ ಓದಿ ಹೇಳು. ತರೀಕೆರೆಯಲ್ಲಿ ತಂಪುನೆರಳು ಎಂಬ ಸಂಸ್ಥೆಯ ಕ್ಲಿನಿಕ್ ಇದೆ. ತಿಂಗಳ ನಾಲ್ಕನೇ ಮಂಗಳವಾರ ಡಾಕ್ಟರು ಬರುತ್ತಾರೆ. ಅಂದು ಹಾಲಮ್ಮ ಎಂಬ ನರ್ಸು ಅವನಿಗೆ ಇಂಜೆಕ್ಷನ್ ಕೊಡುತ್ತಾಳೆ. ಅದು ತಪ್ಪಬಾರದು. ತಪ್ಪಿದರೆ ತಲೆಯ ಮಾತು ಶುರುವಾಗಿ ಮನೆ ಬಿಟ್ಟು ನಡೆಯುತ್ತಾನೆ. ಹಿಂದೆ ಕೆಮ್ಮಣ್ಣುಗುಂಡಿಯ ರಸ್ತೆಯಲ್ಲಿ ಬರಿಗಾಲಲ್ಲಿ ಸಿಕ್ಕಿದ್ದನ್ನು ನೀನು ಮರೆತಿರಲಾರೆ. ರಾತ್ರಿಗೆ ಒಂದು ಬಿಳಿ ಮಾತ್ರೆ. ಫೋನು ಕೊಡಬೇಡ, ಬಿಚ್ಚಿ ಒಳಗೆ ಯಾರಿದ್ದಾರೆ ಎಂದು ನೋಡುತ್ತಾನೆ.

ಇದೇ ಸಂಸ್ಥೆಯ ಮನೆ ಭೇಟಿ ತಂಡ ಅಜ್ಜಂಪುರದಲ್ಲಿದೆ, ನಿಮ್ಮ ಕಡೂರಿನಲ್ಲಿ ಅವರದೇ ಹಗಲು ಕೇಂದ್ರವಿದೆ. ಮೂರಕ್ಕೂ ಒಂದೇ ಬೋರ್ಡು, ಒಂದೇ ಮರದ ಚಿತ್ರ. ಆದ್ದರಿಂದ ಊರು ಬದಲಾದರೂ ತೊಂದರೆ ಆಗಲಾರದು.

ಅವನಿಗಿರುವುದು ಒಂದೇ ಆಸೆ. ಮತ್ತೆ ಬೋರ್‌ವೆಲ್ ಮೋಟರುಗಳಿಗೆ ವೈಂಡಿಂಗ್ ಮಾಡಬೇಕಂತೆ. ತರೀಕೆರೆಯ ಉಗ್ರಪ್ಪ, ಕಾಯಿಲೆ ಬಂದಾಗ "ಇನ್ಮೇಲೆ ಈ ಮೆಟ್ಲು ಹತ್ಬೇಡ" ಎಂದು ಅಂಗಡಿಯಿಂದ ಕಳಿಸಿದವನು, ಮತ್ತೆ ಕರೆಯುತ್ತಾನೆಯೇ? ಆದರೂ ಗುರು ಕೂತಲ್ಲೇ ಬೆರಳಿಗೆ ದಾರ ಸುತ್ತಿ ಸುತ್ತಿ ಬಿಚ್ಚುತ್ತಾನೆ. 

ಇಂತು ನಿನ್ನ ಅಕ್ಕ,
ಮಲ್ಲಿಕಾಂಬ


ಕಡೂರು
6-6-2023

ಅಕ್ಕನಿಗೆ ನಮಸ್ಕಾರ.

ಕಾಗದ ಬರೆಯುವ ರೂಢಿ ನನಗಿಲ್ಲ. ಕೊಬ್ಬರಿ ಮೂಟೆಗೆ ಚೀಟಿ ಬರೆದು ಬರೆದು ಅಕ್ಷರವೂ ಮೂಟೆಯ ಹಾಗಾಗಿದೆ. ನೀನು ಫೋನೆತ್ತುವುದಿಲ್ಲವಾದ್ದರಿಂದ ಬೇರೆ ದಾರಿಯಿಲ್ಲ.

ಮೂರಕ್ಕೂ ಒಂದೇ ಬೋರ್ಡು, ತೊಂದರೆ ಆಗಲಾರದು ಎಂದು ನೀನು ಬರೆದಿದ್ದೆ. ಆಗಿದೆ. ಗುರುವನ್ನು ಇಲ್ಲಿಯ ಹಗಲು ಕೇಂದ್ರಕ್ಕೆ ಕರೆದುಕೊಂಡು ಹೋದೆ. ತರೀಕೆರೆಯ ಚೀಟಿ ತೋರಿಸಿದರೆ ಅಲ್ಲಿದ್ದವನು ಅದನ್ನು ಮುಟ್ಟಲೂ ಇಲ್ಲ. "ಅದು ಕ್ಲಿನಿಕ್ ವಿಭಾಗದ್ದು ಕಣ್ರೀ. ನಮ್ದು ಪುನರ್ವಸತಿ ವಿಭಾಗ. ಅವ್ರ ಚೀಟಿ ನಮಗೆ ನಡೆಯಲ್ಲ" ಎಂದ. ಅವರ ಡಾಕ್ಟರು ಬೇರೆ. ಅವರು ಬೇರೆ ಮಾತ್ರೆ ಬರೆದುಕೊಟ್ಟರು, ಹಳದಿಯದು. ಕೋಮಲಾ ಪಾಪ, ನೀನು ಕಳಿಸಿದ ಬಿಳಿಯದನ್ನೂ ಕೊಟ್ಟಳು, ಹಳದಿಯದನ್ನೂ ಕೊಟ್ಟಳು. ಹೆಸರು ಬೇರೆ, ಬಣ್ಣ ಬೇರೆ, ಒಳಗಿರುವುದು ಒಂದೇ ಎಂದು ನಮಗೆ ಯಾರು ಹೇಳಬೇಕಿತ್ತು? ಕೊನೆಗೆ ಮೆಡಿಕಲ್ ಸ್ಟೋರಿನವನು ಹೇಳಿದ.

ಅಷ್ಟರಲ್ಲಿ ಗುರುವಿನ ಕತ್ತು ಒಂದು ಕಡೆ ತಿರುಗಿ ನಿಂತಿತ್ತು. ಬಾಯಲ್ಲಿ ಜೊಲ್ಲು. ಕೈ ಎಷ್ಟು ನಡುಗುತ್ತದೆ ಎಂದರೆ ಕಾಫಿ ಲೋಟ ತುಟಿಗೆ ಮುಟ್ಟುವಷ್ಟರಲ್ಲಿ ಅರ್ಧ ಅಂಗಿಯ ಮೇಲೆ. ಸಂಸ್ಥೆಯ ಸಹಾಯವಾಣಿಗೆ ಫೋನ್ ಮಾಡಿದೆ. ವಿಳಾಸ ಅಜ್ಜಂಪುರ ಅಂತಿದೆ, ಅಲ್ಲಿಯ ತಂಡ ಮನೆಗೆ ಬರುತ್ತದೆ ಎಂದರು. ಅವನು ಕಡೂರಿನಲ್ಲಿದ್ದಾನೆ ತಾಯಿ ಎಂದೆ. ಬರೆದುಕೊಂಡಿದ್ದೇವೆ ಎಂದರು. ಆಮೇಲೆ ತಿಳಿಯಿತು, ತಂಡ ನಿನ್ನ ಮನೆಗೇ ಬಂದಿತ್ತಂತೆ. ಕತ್ತು ತಿರುಗಿದ್ದು ಕಡೂರಿನಲ್ಲಿ, ಬಾಗಿಲು ತಟ್ಟಿದ್ದು ಅಜ್ಜಂಪುರದಲ್ಲಿ.

ನಾನೇ ಹಳದಿ ಮಾತ್ರೆ ನಿಲ್ಲಿಸಿದೆ. ಕತ್ತು ಸರಿಹೋಯಿತು, ಕೈ ನಡುಕ ಹೋಗಿಲ್ಲ. ಹಗಲು ಕೇಂದ್ರದವರು, ಹಳದಿಯದನ್ನು ನಿಲ್ಲಿಸಿದ್ದು ತಪ್ಪು, ಬಿಳಿಯದನ್ನು ನಿಲ್ಲಿಸಬೇಕಿತ್ತು ಎನ್ನುತ್ತಾರೆ. ತರೀಕೆರೆಯವರು, ಇಂಜೆಕ್ಷನ್ ಸಾಲದೆ ನಡುಗುತ್ತಿದ್ದಾನೆ, ಹೆಚ್ಚು ಮಾಡೋಣ ಎನ್ನುತ್ತಾರೆ. ನಾನು ಕೊಬ್ಬರಿ ವ್ಯಾಪಾರಿ. ಇಬ್ಬರು ಡಾಕ್ಟರ ನಡುವೆ ಪಂಚಾಯ್ತಿ ಮಾಡುವ ಕೆಲಸ ನನಗೇಕೆ ಬಂತೋ ತಿಳಿಯದು.

ನಿನ್ನ ತಮ್ಮ,
ಓಂಕಾರೇಶ್


ಅಜ್ಜಂಪುರ
9-6-2023

ಕೃತಿಕಾ ಅವರಿಗೆ,
ಸಂಯೋಜಕರು, ತಂಪುನೆರಳು ಸಂಸ್ಥೆ

ಮಾನ್ಯರೇ,

ನಾನು ಅಜ್ಜಂಪುರದಲ್ಲಿ ಗಿರಣಿ ನಡೆಸುವ ಮಲ್ಲಿಕಾಂಬ. ನಿಮ್ಮ ಸಂಸ್ಥೆಯಲ್ಲಿ ಆರು ವರ್ಷದಿಂದ ಔಷಧಿ ಪಡೆಯುತ್ತಿರುವ ಗುರುಮೂರ್ತಿಯ ಅಕ್ಕ. ನಿಮ್ಮವರಿಗೆ ಬಾಯಲ್ಲಿ ಹೇಳಿ ಸಾಕಾಗಿದೆ. ಪ್ರತಿಯೊಬ್ಬರೂ "ಬರವಣಿಗೆಯಲ್ಲಿ ಕೊಡಿ" ಎಂದರು. ತೆಗೆದುಕೊಳ್ಳಿ.

ಹೋದ ವಾರ ನಿಮ್ಮ ಮನೆ ಭೇಟಿ ತಂಡದ ಇಬ್ಬರು ನಮ್ಮ ಮನೆಗೆ ಬಂದರು. ಕತ್ತು ತಿರುಗಿದ ರೋಗಿ ಎಲ್ಲಿ ಎಂದು ಕೇಳಿದರು. ಅವನು ಕಡೂರಿನಲ್ಲಿ ಅಣ್ಣನ ಮನೆಯಲ್ಲಿದ್ದಾನೆ, ಅಲ್ಲಿಗೆ ಹೋಗಿ ಎಂದೆ. ಅವರ ಮುಖದಲ್ಲಿ ಹೋದ ಜೀವ ಬಂದ ಹಾಗಾಯಿತು. "ಕಡೂರು ನಮಗೆ ಬರಲ್ಲ ಕಣಮ್ಮ" ಎಂದರು. ಹಾಗಾದರೆ ಕಡೂರಿನವರಿಗೆ ಒಂದು ಫೋನ್ ಮಾಡಿ ಎಂದೆ. "ಅವ್ರ ನಂಬರ್ ನಮ್ಮ ಹತ್ರ ಇಲ್ಲ" ಎಂದರು. ಒಂದೇ ಬೋರ್ಡಿನ ಕೆಳಗೆ ಕೂರುವವರ ನಂಬರು ಅವರ ಬಳಿ ಇಲ್ಲ, ನನ್ನ ಬಳಿ ಇತ್ತು. ಬರೆದುಕೊಟ್ಟೆ. ಆಮೇಲೆ ನಮ್ಮ ಮನೆ ಬಾಗಿಲಿನ ಫೋಟೊ ತೆಗೆದುಕೊಂಡರು. ಇದೇಕೆ ಎಂದರೆ, ಭೇಟಿ ಆಯ್ತು ಅಂತ ತೋರಿಸೋಕೆ ಎಂದರು. ಬಾಗಿಲಿಗೆ ಕಾಯಿಲೆ ಇಲ್ಲ ಮೇಡಂ, ತಮ್ಮನಿಗೆ ಇದೆ.

ನನಗೆ ದೊಡ್ಡ ವಿದ್ಯೆಯಿಲ್ಲ. ಆದರೆ ನನ್ನ ಗಿರಣಿಗೆ ರಾಗಿ ತಂದವರ ಡಬ್ಬಕ್ಕೆ ಗೋಧಿ ಹಿಟ್ಟು ಹೋಗದ ಹಾಗೆ ನೋಡಿಕೊಳ್ಳುತ್ತೇನೆ. ನಾನು ಊಟಕ್ಕೆ ಹೋದರೆ ನನ್ನ ಯಜಮಾನರು ದೇವೀರಪ್ಪನವರು ನಿಲ್ಲುತ್ತಾರೆ, ಹೋಗುವ ಮುಂಚೆ ಯಾವ ಡಬ್ಬ ಯಾರದು ಎಂದು ಹೇಳಿಯೇ ಹೋಗುತ್ತೇನೆ. ಇಷ್ಟು ನಿಮ್ಮ ಮೂರು ಕಡೆಯವರಿಗೆ ಆಗುವುದಿಲ್ಲವೇ? ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬ ಗಾದೆ ಕೇಳಿದ್ದೆ. ಇಲ್ಲಿ ಮೂರನೆಯದೊಂದು ಬಂದು ಬಾಗಿಲಿನ ಫೋಟೊ ತೆಗೆಯುತ್ತದೆ.

ನಾನು ಕೇಳುವುದು ಇಷ್ಟೇ. ನಿಮ್ಮ ಇಬ್ಬರು ಡಾಕ್ಟರೂ ಒಮ್ಮೆ ಪರಸ್ಪರ ಮಾತಾಡಲಿ. ನಮ್ಮ ತಮ್ಮ ಕೈಕೆಲಸದವನು. ಕೂದಲೆಳೆಯಂಥ ತಾಮ್ರದ ತಂತಿ ಸುತ್ತುವ ಕೈ ಅದು. ಆ ನಡುಕ ನಿಲ್ಲದಿದ್ದರೆ ಅವನು ಬದುಕಿದ್ದೂ ಪ್ರಯೋಜನವಿಲ್ಲ ಎಂದುಕೊಳ್ಳುತ್ತಾನೆ, ಮುಂದಿನದು ನಿಮಗೇ ಗೊತ್ತು.

ತಮ್ಮ ವಿಶ್ವಾಸಿ,
ಮಲ್ಲಿಕಾಂಬ ದೇವೀರಪ್ಪ


ತಂಪುನೆರಳು ಸಂಸ್ಥೆ, ಕೇಂದ್ರ ಕಚೇರಿ
28-6-2023

ಶ್ರೀಮತಿ ಮಲ್ಲಿಕಾಂಬ ಅವರಿಗೆ,

ತಮ್ಮ ಪತ್ರ ತಲುಪಿದೆ. ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ಸಂಸ್ಥೆಯ ಕ್ಲಿನಿಕ್, ಮನೆ ಭೇಟಿ ಹಾಗೂ ಪುನರ್ವಸತಿ ವಿಭಾಗಗಳು ಮೂರು ಪ್ರತ್ಯೇಕ ಯೋಜನೆಗಳಡಿ ನಡೆಯುತ್ತಿದ್ದು, ರೋಗಿಯ ಮಾಹಿತಿಯನ್ನು ಒಂದು ವಿಭಾಗದಿಂದ ಇನ್ನೊಂದಕ್ಕೆ ನೀಡಲು ವರ್ಗಾವಣೆ ಕೋರಿಕೆ ಅಗತ್ಯ. ರೋಗಿಯು ಎರಡು ತಿಂಗಳಿಗೊಮ್ಮೆ ವಿಳಾಸ ಬದಲಿಸುವುದರಿಂದ ಕೋರಿಕೆ ಮಂಜೂರಾಗುವ ವೇಳೆಗೆ ಅವರು ಮರಳಿ ಹೋಗಿರುತ್ತಾರೆ ಎಂಬುದನ್ನು ವಿಭಾಗಗಳು ಗಮನಕ್ಕೆ ತಂದಿವೆ.

ಕುಟುಂಬದವರು ಒಂದೇ ಸ್ಥಿರ ವಿಳಾಸ ಮತ್ತು ಒಬ್ಬರೇ ಜವಾಬ್ದಾರ ವ್ಯಕ್ತಿಯನ್ನು ತಿಳಿಸಿದಲ್ಲಿ ಅನುಕೂಲ. ತಮ್ಮ ಪತ್ರವನ್ನು ಮೂರೂ ವಿಭಾಗಗಳಿಗೆ ಕಳುಹಿಸಲಾಗಿದೆ.

ಇಂತಿ,
ಕೃತಿಕಾ
ಸಂಯೋಜಕಿ


ಅಜ್ಜಂಪುರ
10-7-2023

ಓಂಕಾರೇಶ,

ಸಂಸ್ಥೆಯ ಹೆಣ್ಣುಮಗಳು ಉತ್ತರ ಬರೆದಿದ್ದಾಳೆ. ನಮ್ಮ ಮನೆಯ ಕತೆಯನ್ನು ನಮಗೇ ಹೇಳಿದ್ದಾಳೆ. ಒಂದೇ ವಿಳಾಸ ಕೊಡಿ, ಒಬ್ಬರೇ ಜವಾಬ್ದಾರರು ಯಾರೆಂದು ಹೇಳಿ ಎಂದು ಕೇಳುತ್ತಾಳೆ. ಓದಿ ಮೈ ಉರಿಯಿತು. ಉತ್ತರ ಬರೆಯಲು ಕೂತೆ. ನಿನ್ನ ಹೆಸರು ಬರೆಯಲೋ ನನ್ನದು ಬರೆಯಲೋ ಎಂದು ಯೋಚಿಸಿ ಕಾಗದ ಮಡಿಸಿಟ್ಟೆ.

ಈಗ ಇನ್ನೊಂದು ವಿಷಯ. ಈ ಸಲ ಆಷಾಢದ ಅಮಾವಾಸ್ಯೆ ಕಳೆದ ಮಾರನೇ ದಿನ ಗುರುವನ್ನು ಕಳಿಸುತ್ತೀಯ ಎಂದು ಕೇಳಿದೆ. ಕಳಿಸಬೇಡ. ಪಂಚಾಂಗ ನೋಡು. ಈ ವರ್ಷ ಶ್ರಾವಣ ಎರಡು. ಮೊದಲು ಬರುವುದು ಅಧಿಕ ಶ್ರಾವಣ. ಅದು ಲೆಕ್ಕಕ್ಕಿಲ್ಲದ ತಿಂಗಳು. ಅದರಲ್ಲಿ ಮದುವೆ ಮಾಡುವುದಿಲ್ಲ, ಮನೆ ಬದಲಿಸುವುದಿಲ್ಲ. ನನ್ನ ಸರದಿ ನಿಜ ಶ್ರಾವಣದಿಂದ. ಅಲ್ಲಿಯವರೆಗೆ ಅವನು ಇದ್ದಲ್ಲೇ ಇರಲಿ.

ಬೆನಕಪ್ಪ ಮಾವ ಅಧಿಕ ಮಾಸದ ಮಾತು ಎತ್ತಿರಲಿಲ್ಲ, ಶ್ರಾವಣ ಎಂದರೆ ಶ್ರಾವಣ ಎಂದು ನೀನು ಹೇಳುತ್ತೀಯ, ಗೊತ್ತು. ದುರ್ಭಿಕ್ಷದಲ್ಲಿ ಅಧಿಕ ಮಾಸ ಎಂದು ಕೋಮಲಾ ಗೊಣಗುತ್ತಾಳೆ, ಅದೂ ಗೊತ್ತು. ಪಂಚಾಂಗವೆಲ್ಲ ನೆಪ ಎಂದು ಬೇಕಾದರೆ ಅಂದುಕೋ. ನಾನು ದಣಿದಿದ್ದೇನೆ. ಬೆಳಗಿಂದ ಗಿರಣಿ, ಸಂಜೆಯಾದರೆ ಅವನು ಎಲ್ಲಿ ಎದ್ದು ಹೋಗುತ್ತಾನೋ ಎಂದು ಬಾಗಿಲ ಕಡೆ ಕಣ್ಣು. ಅವ್ವ ಇದನ್ನು ಇಷ್ಟು ವರ್ಷ ಹೇಗೆ ಮಾಡಿದಳೋ. ನನಗೆ ಒಂದು ತಿಂಗಳು ಉಸಿರು ಬೇಕು. ಕಳಿಸಿದರೆ ಅದೇ ಬಸ್ಸಿಗೆ ವಾಪಸು ಹತ್ತಿಸುತ್ತೇನೆ.

ಈ ಕಾಗದ ಅವನ ಕೈಗೆ ಸಿಗದ ಹಾಗೆ ನೋಡಿಕೋ.

ಅಕ್ಕ,
ಮಲ್ಲಿಕಾಂಬ


ಅಜ್ಜಂಪುರ
3-8-2023

ಕೃತಿಕಾ ಅವರಿಗೆ,

ನನ್ನ ತಮ್ಮ ಗುರುಮೂರ್ತಿ ಈ ತಿಂಗಳೂ ಕಡೂರಿನಲ್ಲೇ ಓಂಕಾರೇಶನ ಮನೆಯಲ್ಲಿದ್ದಾನೆ. ಜುಲೈ ನಾಲ್ಕನೇ ಮಂಗಳವಾರ, ಅಂದರೆ 25ರಂದು, ಅವನಿಗೆ ತರೀಕೆರೆಯಲ್ಲಿ ಇಂಜೆಕ್ಷನ್ ಆಯಿತೇ? ಓಂಕಾರೇಶ ಮುನಿಸಿಕೊಂಡಿರಬೇಕು, ನನ್ನ ಕಾಗದಕ್ಕೆ ಉತ್ತರವಿಲ್ಲ. ನಾನಾಗಿ ಫೋನ್ ಮಾಡುವುದಿಲ್ಲ. ಅದು ನಮ್ಮ ಮನೆಯ ವಿಷಯ, ಬಿಡಿ.

ಸಹಾಯವಾಣಿಯವರು ತರೀಕೆರೆಯನ್ನು ಕೇಳಿ ಎಂದರು. ತರೀಕೆರೆಯವರು ಫೋನಿನಲ್ಲಿ ರೋಗಿಯ ವಿಷಯ ಹೇಳುವಂತಿಲ್ಲ ಎಂದರು. ಇಂಜೆಕ್ಷನ್ ಆಗಿದೆ ಅಥವಾ ಆಗಿಲ್ಲ, ಎರಡರಲ್ಲಿ ಒಂದು ಪದ ಸಾಕು ಎಂದರೆ, ಬರವಣಿಗೆಯಲ್ಲಿ ಕೊಡಿ ಎಂದರು. ಕೊಟ್ಟಿದ್ದೇನೆ. ದಯವಿಟ್ಟು ಬೇಗ ತಿಳಿಸಿ. ಆ ಇಂಜೆಕ್ಷನ್ ತಪ್ಪಿದರೆ ಅವನು ರಸ್ತೆ ಹಿಡಿಯುತ್ತಾನೆ.

ಮಲ್ಲಿಕಾಂಬ ದೇವೀರಪ್ಪ


ತಂಪುನೆರಳು ಸಂಸ್ಥೆ, ಕೇಂದ್ರ ಕಚೇರಿ
14-8-2023

ಶ್ರೀಮತಿ ಮಲ್ಲಿಕಾಂಬ ಅವರಿಗೆ,

ತಮ್ಮ ಕೋರಿಕೆಯಂತೆ ಮೂರೂ ವಿಭಾಗಗಳಿಂದ ವರದಿ ತರಿಸಲಾಗಿದೆ. ಕಡೂರು ಹಗಲು ಕೇಂದ್ರದ ಪ್ರಕಾರ ಶ್ರೀ ಗುರುಮೂರ್ತಿ ಅವರು ಜುಲೈ 18ರಂದು ಅಜ್ಜಂಪುರಕ್ಕೆ ತೆರಳಿದ್ದು ಅಲ್ಲಿಯ ಕಡತ ಮುಕ್ತಾಯಗೊಂಡಿದೆ. ತರೀಕೆರೆ ಕ್ಲಿನಿಕ್ ಪ್ರಕಾರ ಅವರು ಜುಲೈ 25ರಂದು ಗೈರುಹಾಜರು. ಅಜ್ಜಂಪುರ ಮನೆ ಭೇಟಿ ತಂಡವು ಜುಲೈ 27ರಂದು ತಮ್ಮ ಮನೆಗೆ ಭೇಟಿ ನೀಡಿದ್ದು, ರೋಗಿಯು ಸ್ಥಿರವಾಗಿದ್ದಾರೆ ಎಂದು ದಾಖಲಿಸಿದೆ.

ಅವರು ತಮ್ಮ ಮನೆಯಲ್ಲಿಯೇ ಇರುವುದರಿಂದ ಆಗಸ್ಟ್ 22ರಂದು ತಪ್ಪದೇ ಕರೆತರಬೇಕಾಗಿ ಕೋರಿಕೆ.

ಇಂತಿ,
ಕೃತಿಕಾ


ಅಜ್ಜಂಪುರ
19-8-2023

ಕೃತಿಕಾ ಅವರಿಗೆ,

ನಿಮ್ಮ ಕಾಗದ ಹದಿನಾರನೇ ತಾರೀಖು, ಅಧಿಕ ಮಾಸದ ಅಮಾವಾಸ್ಯೆಯ ದಿನ ಕೈಗೆ ಬಂತು. ಓದಿದವಳೇ ಗಿರಣಿ ನಿಲ್ಲಿಸಿ ಓಂಕಾರೇಶನಿಗೆ ಫೋನ್ ಮಾಡಿದೆ.

"ಗುರು ಹೆಂಗಿದಾನೆ ಕಣೋ?" ಎಂದೆ.

"ನನ್ನ ಕೇಳ್ತೀಯಲ್ಲಕ್ಕಾ. ನಿನ್ ಹತ್ರ ತಾನೆ ಅವ್ನೆ" ಎಂದ.

"ಇಲ್ಲಿಗೆ ಬಂದೇ ಇಲ್ಲ ಕಣೋ" ಎಂದೆ. ಆಮೇಲೆ ಅವನು ಅಳುವ ಸದ್ದು ಕೇಳಿಸಿತು.

ನಡೆದದ್ದು ಹೀಗೆ. ನನ್ನ ಜುಲೈ ಕಾಗದವನ್ನು ಓಂಕಾರೇಶ ಕೋಪದಲ್ಲಿ ಕೋಮಲಾಗೆ ಗಟ್ಟಿಯಾಗಿ ಓದಿ ಹೇಳಿದ್ದಾನೆ. ಗುರು ಪಕ್ಕದ ಕೋಣೆಯಲ್ಲೇ ಇದ್ದ. ಮಾರನೇ ದಿನ ಗುರುವೇ, "ಅಕ್ಕನ ಮನೆಗೆ ಹೋಗ್ತೀನಿ ಬಿಡಣ್ಣ, ನಾನೇ ಹೇಳ್ಕೊಂತೀನಿ" ಎಂದನಂತೆ. ಜುಲೈ ಹದಿನೆಂಟರಂದು ಓಂಕಾರೇಶ ಅವನನ್ನು ಅಜ್ಜಂಪುರದ ಬಸ್ಸು ಹತ್ತಿಸಿದ್ದಾನೆ. ವಾಪಸು ಬರಲಿಲ್ಲವಾದ್ದರಿಂದ ನಾನು ಇಟ್ಟುಕೊಂಡೆ ಎಂದುಕೊಂಡ. ಬರಲಿಲ್ಲವಾದ್ದರಿಂದ ಅವನು ಇಟ್ಟುಕೊಂಡ ಎಂದು ನಾನು ಅಂದುಕೊಂಡೆ. ಒಂದು ತಿಂಗಳು ನನ್ನ ತಮ್ಮ ಯಾರ ಮನೆಯಲ್ಲೂ ಇರಲಿಲ್ಲ, ನನಗೆ ಅದು ಗೊತ್ತಿರಲಿಲ್ಲ. ನಾನು ಹಾಯಾಗಿ ಉಸಿರಾಡಿಕೊಂಡಿದ್ದೆ.

ಇನ್ನು ನಿಮ್ಮ ತಂಡ. ಜುಲೈ 27ರಂದು ನಾನು ಗಿರಣಿಯಲ್ಲಿದ್ದೆ, ಮನೆಗೆ ಬೀಗ ಹಾಕಿತ್ತು. ಅವರು ಬಂದು ಮತ್ತೆ ಬಾಗಿಲಿನ ಫೋಟೊ ತೆಗೆದುಕೊಂಡು ಹೋಗಿದ್ದಾರೆ ಎಂದು ಪಕ್ಕದ ಮನೆಯವರು ಈಗ ಹೇಳುತ್ತಾರೆ. ಸ್ಥಿರವಾಗಿದ್ದದ್ದು ನಮ್ಮ ಬಾಗಿಲು ಮೇಡಂ. ಅದು ಅವತ್ತೂ ಸ್ಥಿರವಾಗಿತ್ತು, ಇವತ್ತೂ ಸ್ಥಿರವಾಗಿದೆ.

ನಾನೂ ಓಂಕಾರೇಶನೂ ಎರಡು ದಿನದಿಂದ ಹುಡುಕುತ್ತಿದ್ದೇವೆ. ಬೀರೂರು ಸ್ಟೇಷನ್ನು, ತರೀಕೆರೆ ಬಸ್ ಸ್ಟ್ಯಾಂಡು, ಕೆಮ್ಮಣ್ಣುಗುಂಡಿಯ ರಸ್ತೆಯ ತಿರುವುಗಳು. ಪೊಲೀಸರಿಗೆ ದೂರು ಕೊಟ್ಟೆವು. ಒಂದೊಂದು ತಗ್ಗು ಕಂಡಾಗಲೂ ಓಂಕಾರೇಶ ಗಾಡಿ ನಿಲ್ಲಿಸಿ ನನ್ನನ್ನು ರಸ್ತೆಯಲ್ಲೇ ನಿಲ್ಲಲು ಹೇಳಿ ತಾನೊಬ್ಬನೇ ಇಳಿದು ನೋಡುತ್ತಿದ್ದ. ಉಗ್ರಪ್ಪನ ವೈಂಡಿಂಗ್ ಅಂಗಡಿಯ ಮುಂದೆಯೇ ಎರಡು ಸಲ ಹಾದುಹೋದೆವು. ಗುರುವನ್ನು ಹೊರಗೆ ಹಾಕಿದ ಆ ಮನುಷ್ಯನ ಮುಖ ನೋಡುವುದು ಬೇಡ ಎಂದು ನಾನೇ ನಿಲ್ಲಿಸಲಿಲ್ಲ.

ತರೀಕೆರೆಯ ನಿಮ್ಮ ಕ್ಲಿನಿಕ್ಕಿಗೂ ಹೋದೆವು. ಕೌಂಟರಿನವನು ಹಳೆಯ ರೋಗಿಗಳ ಪಟ್ಟಿ ನೋಡಿ, "ಗೈರು ಅಂತ ಇದೆ ಕಣ್ರೀ" ಎಂದ. ಹಾಲಮ್ಮ ಇದ್ದಾಳೆಯೇ ಎಂದರೆ, ಅವಳು ಮಂಗಳವಾರ ಮಾತ್ರ ಬರುತ್ತಾಳೆ ಎಂದ. ಒಬ್ಬ ಮನುಷ್ಯ ಇಂಜೆಕ್ಷನ್ನಿಗೆ ಬರಲಿಲ್ಲ ಎಂದು ಬರೆದುಕೊಂಡಿರಲ್ಲ, ಏಕೆ ಬರಲಿಲ್ಲ ಎಂದು ನೀವು ಯಾರನ್ನಾದರೂ ಕೇಳಿದಿರಾ ಎಂದು ಓಂಕಾರೇಶ ಕೇಳಿದ. ಅವನು, "ಅದು ಮನೆ ಭೇಟಿಯವ್ರ ಕೆಲಸ" ಎಂದ. ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಎನ್ನುತ್ತಾರೆ. ಇಲ್ಲಿ ಹಾವಿಗೆ ಏನೂ ಆಗಿಲ್ಲ, ನನ್ನ ತಮ್ಮ ಹೋದ.

ನಿಮ್ಮನ್ನು ಇನ್ನೂ ಬೈಯಬೇಕೆಂದು ಕೂತೆ. ಆದರೆ ಒಂದೊಂದು ಬೈಗುಳ ಬರೆಯುವಾಗಲೂ ಅದು ನನ್ನ ಕಡೆಗೇ ತಿರುಗುತ್ತಿದೆ. ನಿಮ್ಮ ಮೂರು ವಿಭಾಗ ಮಾಡಿದ್ದನ್ನು ನಮ್ಮ ಎರಡು ಮನೆಗಳೂ ಮಾಡಿದವು. ಅವನು ಸಿಗಲಿ. ಆಮೇಲೆ ಯಾರು ಯಾರನ್ನು ಬೈಯಬೇಕೋ ಬೈದುಕೊಳ್ಳೋಣ.

ಮಲ್ಲಿಕಾಂಬ


ತರೀಕೆರೆ
20-8-2023

ಅಕ್ಕನಿಗೂ ಅಣ್ಣನಿಗೂ ಗುರುಮೂರ್ತಿ ಮಾಡುವ ನಮಸ್ಕಾರ.

ಇದು ಇಬ್ಬರಿಗೂ ಒಂದೇ ಕಾಗದ. ಎರಡು ಸಲ ಬರೆದಿದ್ದೇನೆ, ಒಂದಕ್ಷರವೂ ವ್ಯತ್ಯಾಸವಿಲ್ಲ. ಒಬ್ಬರಿಗೆ ಬರೆದು ಇನ್ನೊಬ್ಬರಿಗೆ ಹೇಳಿ ಎಂದರೆ ಏನಾಗುತ್ತದೆ ಎಂದು ನನಗೆ ಗೊತ್ತು. ಅಂಚೆಗೆ ಹಾಕಿದರೆ ಮಂಗಳವಾರದೊಳಗೆ ಸಿಗುವುದಿಲ್ಲ. ರಿಪೇರಿಯಾದ ಮೋಟರು ಒಯ್ಯಲು ನಾಳೆ ಅಜ್ಜಂಪುರದಿಂದ ಮುದ್ದಪ್ಪನವರು, ಕಡೂರಿನಿಂದ ಅಂಜಿನಪ್ಪನವರು ಬರುತ್ತಾರೆ. ಅವರ ಕೈಯಲ್ಲಿ ಕಳಿಸುತ್ತೇನೆ.

ನಾನು ಉಗ್ರಪ್ಪಣ್ಣನ ಅಂಗಡಿಯಲ್ಲಿದ್ದೇನೆ. ಹಿಂದಿನ ಕೋಣೆಯಲ್ಲಿ ಮಲಗುತ್ತೇನೆ. ಊಟ ಎದುರಿನ ಖಾನಾವಳಿಯಲ್ಲಿ.

ಅವತ್ತು ಅಜ್ಜಂಪುರದ ಬಸ್ಸು ಹತ್ತಿದವನು ಬೀರೂರಿನಲ್ಲಿ ಇಳಿದೆ. ಮುಂದೆ ಹೋದರೆ ಅಕ್ಕ ಅದೇ ಬಸ್ಸಿಗೆ ವಾಪಸು ಹತ್ತಿಸುತ್ತಾಳೆ, ಹಿಂದೆ ಹೋದರೆ ಅಣ್ಣ ಬೈಯುತ್ತಾನೆ. ಅಲ್ಲೇ ತುಂಬ ಹೊತ್ತು ಕೂತಿದ್ದೆ. ತಲೆಯೊಳಗಿನ ಮಾತು ಸಣ್ಣಗೆ ಶುರುವಾಗಿತ್ತು. ಮಂಗಳವಾರ ತಪ್ಪಿದರೆ ಜೋರಾಗುತ್ತದೆ ಎಂದು ಗೊತ್ತಿತ್ತು. ಅದಕ್ಕೇ ತರೀಕೆರೆಯ ಬಸ್ಸು ಹತ್ತಿದೆ.

ಉಗ್ರಪ್ಪಣ್ಣನ ಮೆಟ್ಟಿಲು ಹತ್ತಲಿಲ್ಲ, ಕೆಳಗೇ ನಿಂತೆ. ಅಂಗಡಿಯ ಮುಂದೆ ಸುಟ್ಟ ಮೋಟರುಗಳು ಸಾಲಾಗಿ ಬಿದ್ದಿದ್ದವು. ಈ ಸಲ ಮಳೆಯಿಲ್ಲದೆ ಎಲ್ಲರೂ ಬೋರ್‌ವೆಲ್ ಬಿಡದೆ ಓಡಿಸಿದ್ದಾರೆ. ಅವನು ನನ್ನನ್ನು ನೋಡಿ, "ಕೈ ಚಾಚು ನೋಡನ" ಎಂದ. ನಡುಗುತ್ತಿತ್ತು. "ವೈಂಡಿಂಗ್ ಆಗಲ್ಲ ಕಣಪ್ಪಾ. ಸುಟ್ಟ ತಂತಿ ಬಿಚ್ಚಾಕು. ಅದಕ್ಕೆ ನಡುಗಿದ್ರೂ ನಡೀತದೆ" ಎಂದ. ಅವತ್ತು ಆ ಮೆಟ್ಟಿಲು ಮತ್ತೆ ಹತ್ತಿದೆ.

ಜುಲೈ 25ರ ಮಂಗಳವಾರ ಕ್ಲಿನಿಕ್ಕಿಗೆ ಹೋದೆ. ನನ್ನ ಫೈಲು ವರ್ಗಾವಣೆಗೆ ಹೋಗಿದೆ, ಎಲ್ಲಿದೆ ಗೊತ್ತಿಲ್ಲ, ಇಂಜೆಕ್ಷನ್ ಕೊಡಲಾಗದು ಎಂದರು. ಹಾಲಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಅದನ್ನ ಹುಡುಕ್ತಾ ಕೂತ್ರೆ ನಿನ್ ಕತೆ ಮುಗೀತದೆ. ಹೊಸಬ ಅಂತ ಬರೆಸ್ಬಿಡು" ಎಂದಳು. ಉಗ್ರಪ್ಪಣ್ಣನ ಅಂಗಡಿಯ ವಿಳಾಸ ಕೊಟ್ಟು ಹೊಸ ರೋಗಿಯಾದೆ. ಅದರಿಂದ ಒಂದು ಒಳ್ಳೆಯದಾಯಿತು. ಹಳೆಯ ರೋಗಿಯಾದರೆ ಡಾಕ್ಟರು ಫೈಲು ನೋಡಿ ಮಾತಾಡುತ್ತಾರೆ. ಹೊಸಬನಾದ್ದರಿಂದ ಕೂರಿಸಿ ಮೊದಲಿಂದ ಕೇಳಿದರು. ಬಿಳಿ ಮಾತ್ರೆ, ಹಳದಿ ಮಾತ್ರೆ, ಕತ್ತು ತಿರುಗಿದ್ದು, ಆಮೇಲೂ ಇಂಜೆಕ್ಷನ್ ಹೆಚ್ಚು ಮಾಡಿದ್ದು ಎಲ್ಲವನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, ಇದನ್ನು ಯಾರೂ ನನಗೆ ಹೇಳಲೇ ಇಲ್ಲವಲ್ಲಪ್ಪ ಎಂದರು. ಇಂಜೆಕ್ಷನ್ ಕಡಿಮೆ ಮಾಡಿದರು, ನಡುಕಕ್ಕೆ ಬೇರೆ ಮಾತ್ರೆ ಕೊಟ್ಟರು. ಹೋದ ವಾರದಿಂದ ವೈಂಡಿಂಗಿಗೆ ಕೂರುತ್ತಿದ್ದೇನೆ. ಒಂದು ಮೋಟರು ಪೂರ್ತಿ ನಾನೇ ಸುತ್ತಿದೆ. ಅದು ಪಂಚನಹಳ್ಳಿಗೆ ಹೋಯಿತು, ಓಡುತ್ತಿದೆಯಂತೆ.

ನಾನಿಲ್ಲಿರುವುದನ್ನು ಯಾರಿಗೂ ಹೇಳಬೇಡಿ ಎಂದು ಹಾಲಮ್ಮನಿಗೆ ನಾನೇ ಹೇಳಿದ್ದೆ. ಅಲ್ಲಿ ಯಾರಿಗೂ ಯಾರೂ ಏನೂ ಹೇಳುವುದಿಲ್ಲವಾದ್ದರಿಂದ ಅವಳಿಗೆ ಕಷ್ಟವಾಗಲಿಲ್ಲ.

ಅಕ್ಕ, ನಿನ್ನ ಕಾಗದವನ್ನು ಅಣ್ಣ ಓದುವಾಗ ಕೇಳಿಸಿಕೊಂಡೆ. ದಣಿದಿದ್ದೇನೆ ಎಂದು ಬರೆದಿದ್ದೆ. ಅದರಲ್ಲಿ ತಪ್ಪಿಲ್ಲ. ನನಗೂ ನಾನೆಂದರೆ ದಣಿವಾಗುತ್ತದೆ. ಆದರೆ ಆ ತಿಂಗಳು ನಿನ್ನದಲ್ಲ ಎಂದೆ, ಅಣ್ಣ ತನ್ನದಲ್ಲ ಎಂದ. ಯಾರಿಗೂ ಬೇಡದ ತಿಂಗಳು ಸುಮ್ಮನೆ ಹಾಳಾಗುತ್ತದಲ್ಲ ಎಂದು ನಾನೇ ಇಟ್ಟುಕೊಂಡೆ. ಅವ್ವ ಹೋದ ಮೇಲೆ ನನ್ನದು ಎಂದು ಇದ್ದದ್ದು ಅದೊಂದೇ ತಿಂಗಳು.

ಶುಕ್ರವಾರ ನೀವಿಬ್ಬರೂ ಅಂಗಡಿಯ ಮುಂದೆ ಎರಡು ಸಲ ಹೋದದ್ದನ್ನು ನೋಡಿದೆ. ಅಣ್ಣ ಸ್ಕೂಟರು ಓಡಿಸುತ್ತಿದ್ದ, ಅಕ್ಕ ಹಿಂದೆ ಕೂತು ಬೈಯುತ್ತಿದ್ದಳು. ಅವ್ವನ ಮಣ್ಣಿನ ದಿನವೂ ನೀವು ಬೇರೆ ಬೇರೆ ಗಾಡಿಯಲ್ಲಿ ಬಂದಿದ್ದಿರಿ. ಕರೆಯಬೇಕು ಎನಿಸಿತು. ಕರೆದರೆ ಅಲ್ಲೇ ನಿಂತು ಇನ್ನು ಯಾರ ಸರದಿ ಎಂದು ಶುರು ಮಾಡುತ್ತೀರಿ ಎಂದು ಹೆದರಿ ಒಳಗೆ ಹೋದೆ. ಹುಡುಕಿಸಿದ್ದಕ್ಕೆ ಕ್ಷಮಿಸಿ. ನೀವು ದೂರು ಕೊಟ್ಟಿರುತ್ತೀರಿ ಎಂದುಕೊಂಡು ನಿನ್ನೆ ಉಗ್ರಪ್ಪಣ್ಣನ ಜೊತೆ ಠಾಣೆಗೆ ಹೋಗಿ ನಾನು ಕಳೆದುಹೋಗಿಲ್ಲ ಎಂದು ಹೇಳಿ ಬಂದೆ.

ನಿಜ ಶ್ರಾವಣ ಬಂದಿದೆ, ಗೊತ್ತು. ನಾನು ಬರುವುದಿಲ್ಲ. ಇನ್ನು ನನ್ನನ್ನು ಸರದಿಗೆ ಹಾಕಬೇಡಿ. ಬೆನಕಪ್ಪ ಮಾವನಿಗೂ ಹೇಳಿ.

ಮಂಗಳವಾರ ಇಂಜೆಕ್ಷನ್ ದಿನ. ಹೊಸ ಫೈಲಿಗೆ ಮನೆಯವರು ಯಾರಾದರೂ ಬಂದು ರುಜು ಹಾಕಬೇಕು ಎಂದು ಡಾಕ್ಟರು ಹೇಳಿದ್ದಾರೆ. ಯಾರನ್ನು ಕರೆತರುತ್ತೀಯ, ಅಕ್ಕನನ್ನೋ ಅಣ್ಣನನ್ನೋ ಎಂದು ಕೇಳಿದರು. ಇಬ್ಬರನ್ನೂ ಎಂದಿದ್ದೇನೆ. ಬೇರೆ ಬೇರೆ ಬಂದರೆ ನಾನು ಬಾಗಿಲು ತೆಗೆಯುವುದಿಲ್ಲ. ಶುಕ್ರವಾರ ಬಂದ ಹಾಗೆ ಒಂದೇ ಗಾಡಿಯಲ್ಲಿ ಬನ್ನಿ. ದಾರಿಯಲ್ಲಿ ಬೈದಾಡಿಕೊಂಡರೂ ಪರವಾಗಿಲ್ಲ.

ನಿಮ್ಮ ತಮ್ಮ,
ಗುರುಮೂರ್ತಿ